ಅಂಚೆಯಲ್ಲಿ ಬರುವ ಬಟ್ಟೆಯ ಗಂಟು

ಪ್ರಶ್ನೆ: ಮಂಡ್ಯ, ಮೈಸೂರು, ಶ್ರೀರಂಗಪಟ್ಟಣದ ನಾವು ಹನ್ನೊಂದು ಮಂದಿ ಹೆಂಗಸರು ಬಿಡುವಿನ ವೇಳೆಯಲ್ಲಿ ಕೌದಿ ಹೊಲಿಯುತ್ತೇವೆ. ಕಳೆದ ವರ್ಷ ಗೌರಿ ಹಬ್ಬಕ್ಕೆ ಚೀಟಿ ಎತ್ತಿ, ಯಾರಿಂದ ಯಾರಿಗೆ ಎಂಬುದನ್ನು ಗುಟ್ಟಾಗಿಟ್ಟು, ಅಂಚೆಯಲ್ಲಿ ಬಟ್ಟೆ ಕಳುಹಿಸಿಕೊಂಡೆವು. ಒಬ್ಬರಿಗೆ ಪಾಲಿಯೆಸ್ಟರ್ ಸೀರೆಯ ಚೂರುಗಳು ಬಂದವು. ಇನ್ನೊಬ್ಬರಿಗೆ ಏನೂ ಬರಲಿಲ್ಲ. ನನಗೆ ಬಂದ ಕೆಂಪು ಬಟ್ಟೆ ಬಣ್ಣ ಬಿಟ್ಟು, ಹೊಲಿದು ಮುಗಿಸಿದ್ದ ಕೌದಿಯನ್ನೇ ಕೆಡಿಸಿತು. ಈ ಸಲ ಅಮೆರಿಕದಲ್ಲಿರುವ ಒಬ್ಬರೂ ಸೇರಿಕೊಂಡಿದ್ದಾರೆ. ಅಷ್ಟಾಗಿ ಪರಿಚಯವಿಲ್ಲದವರಿಗೆ, ಅವರನ್ನು ಕೇಳದೆಯೇ, ಬಟ್ಟೆ ಆರಿಸುವುದು ಹೇಗೆ? ನಿಯಮ ಹೆಚ್ಚಾದರೆ ಸ್ವಾರಸ್ಯ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?
– ಓದುಗರು, ಮಂಡ್ಯ

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನನಗೆ ನೆನಪಾದದ್ದು ರವಿಕೆ ಕಣ. ಅರಿಶಿನ ಕುಂಕುಮಕ್ಕೆ ಕರೆದವರ ಮನೆಯಲ್ಲಿ ತಾಂಬೂಲದ ಜೊತೆ ಕೊಟ್ಟ ಕಣವು ನಮ್ಮ ಬೀರುವಿನಲ್ಲಿ ಕೆಲವು ತಿಂಗಳು ವಿಶ್ರಮಿಸಿ, ಮಡಿಕೆಯನ್ನೂ ಬಿಚ್ಚಿಸಿಕೊಳ್ಳದೆ, ಇನ್ನೊಂದು ಮನೆಗೆ ತಾಂಬೂಲವಾಗಿ ಹೊರಟುಬಿಡುತ್ತದೆ. ಒಮ್ಮೆ ಕುತೂಹಲಕ್ಕೆಂದು ಮಡಿಕೆಯ ಒಳಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿ ಕೊಟ್ಟಿದ್ದ ನನ್ನದೇ ಕಣವೊಂದು, ಮೂರನೆಯ ವರ್ಷದ ನವರಾತ್ರಿಯಲ್ಲಿ ಬೇರೊಂದು ಬೀದಿಯ ಮನೆಯಿಂದ ನನ್ನ ಮಡಿಲಿಗೇ ಬಂದು ಬಿದ್ದಿತು. ಅದನ್ನು ಯಾರೂ ಹೊಲಿಸಿರಲಿಲ್ಲ, ಏಕೆಂದರೆ ಕೊಡುವಾಗ ನಾನೂ ಸೇರಿದಂತೆ ಯಾರೂ ಅದು ಯಾವ ಸೀರೆಗೆ ಒಪ್ಪೀತು, ಯಾರ ಮೈಗೆ ಸಾಕಾದೀತು ಎಂದು ಯೋಚಿಸಿರಲಿಲ್ಲ. ನಿಮ್ಮ ಗುಂಪಿನ ಬಟ್ಟೆಗೆ ಈ ಗತಿ ಬರಬಾರದೆಂದರೆ, ಕಳುಹಿಸುವ ಪ್ರತಿಯೊಂದು ತುಂಡನ್ನೂ ಒಂದೇ ಪ್ರಶ್ನೆಯಿಂದ ಅಳೆಯಬೇಕು: ಪಡೆದವರು ಇದಕ್ಕೆ ಕತ್ತರಿ ಹಾಕಿಯಾರೇ?

ನಿಯಮದಿಂದ ಸ್ವಾರಸ್ಯ ಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗೌರಿ ಹಬ್ಬದ ಮೊರದ ಬಾಗಿನವನ್ನೇ ನೋಡಿ. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ತೆಂಗಿನಕಾಯಿ, ಕಣ ಎಂದು ಒಳಗೆ ಇರುವುದೆಲ್ಲ ಎಲ್ಲರಿಗೂ ಮೊದಲೇ ಗೊತ್ತು. ಆದರೂ ಮೇಲಿನ ಮೊರ ಎತ್ತುವಾಗ ಬಳೆಯ ಬಣ್ಣ ಯಾವುದಿರಬಹುದು ಎಂದು ಕಣ್ಣು ಇಣುಕಿಯೇ ಇಣುಕುತ್ತದೆ. ನಿಮ್ಮ ವಿನಿಮಯದಲ್ಲಿಯೂ ಬಣ್ಣ, ಚಿತ್ತಾರ ಮತ್ತು ಕಳುಹಿಸಿದವರ ಹೆಸರು ಗುಟ್ಟಾಗಿರಲಿ. ನೂಲಿನ ಜಾತಿ, ಅಳತೆ, ತೊಳೆದಾಗ ಬಟ್ಟೆ ನಡೆದುಕೊಳ್ಳುವ ರೀತಿ ಇವು ಮೂರರಲ್ಲಿ ಮಾತ್ರ ಯಾವ ಗುಟ್ಟೂ ಬೇಡ. ನಿಮ್ಮ ಕಳೆದ ವರ್ಷದ ಮೂರು ದೂರುಗಳಲ್ಲಿ ಎರಡು ಹುಟ್ಟಿದ್ದು ಇಲ್ಲಿಯೇ.

ಮೊದಲು ನೂಲಿನ ವಿಷಯ. ಗುಂಪಿಗೆ ಹತ್ತಿ ಬಟ್ಟೆ ಎಂದು ಗೊತ್ತುಮಾಡಿಕೊಳ್ಳಿ. ಹತ್ತಿ ಮಿಶ್ರಿತವೂ ಬೇಡ. ಹತ್ತಿ ಮತ್ತು ಪಾಲಿಯೆಸ್ಟರ್ ಒಂದೇ ಕೌದಿಯಲ್ಲಿ ಸೇರಿದರೆ ಒಂದು ತೊಳೆದಾಗ ಕುಗ್ಗುತ್ತದೆ, ಇನ್ನೊಂದು ಇದ್ದ ಹಾಗೆಯೇ ಇರುತ್ತದೆ, ನಡುವಿನ ಹೊಲಿಗೆ ಸುಕ್ಕುಗಟ್ಟುತ್ತದೆ. ಹತ್ತಿಗೆ ಬೇಕಾದ ಇಸ್ತ್ರಿಯ ಬಿಸಿಗೆ ಪಾಲಿಯೆಸ್ಟರ್ ಮೆತ್ತಗಾಗುತ್ತದೆ. ಕೈಹೊಲಿಗೆಯವರಿಗೆ ಅದರಲ್ಲಿ ಸೂಜಿ ನಡೆಸುವುದೂ ಕಷ್ಟ. ಅಂಗಡಿಯವರು ‘ಕಾಟನ್ನೇ ಅಮ್ಮ’ ಎಂದ ಮಾತ್ರಕ್ಕೆ ನಂಬಬೇಡಿ. ಅಂಚಿನಿಂದ ನಾಲ್ಕಾರು ಎಳೆ ಬಿಡಿಸಿ, ಇಕ್ಕುಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಬೆಂಕಿ ತೋರಿಸಿ. ಹತ್ತಿ ಸರ್ರನೆ ಉರಿದು ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿಗೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಜ್ವಾಲೆಯಿಂದ ಹಿಂದೆ ಸರಿದು, ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಮಿಶ್ರ ಬಟ್ಟೆಯಾದರೆ ಕಾಗದದ ವಾಸನೆಯೂ ಬಂದು, ಬೂದಿಯಲ್ಲಿ ಗಟ್ಟಿ ಹರಳೂ ಉಳಿಯುತ್ತದೆ. ಈಗ ಎಲ್ಲ ಕಡೆ ಸಿಗುವ ರೇಯಾನ್ ಮಾತ್ರ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ, ಅದು ಥೇಟ್ ಹತ್ತಿಯಂತೆಯೇ ಉರಿಯುತ್ತದೆ. ಅದಕ್ಕೆ ಬೇರೆ ಉಪಾಯವಿದೆ: ಒಂದು ಎಳೆಯ ನಡುಭಾಗವನ್ನು ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ. ರೇಯಾನ್ ಒದ್ದೆಯಾದ ಜಾಗದಲ್ಲಿಯೇ ಸುಲಭವಾಗಿ ತುಂಡಾಗುತ್ತದೆ. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ.

ಹತ್ತಿಯಲ್ಲಿಯೂ ತೂಕ ನೋಡಬೇಕು. ಟೂ ಬೈ ಟೂ ರವಿಕೆ ಬಟ್ಟೆ ಅಪ್ಪಟ ಹತ್ತಿಯದಾದರೂ ತೆಳು. ಕರ್ಟನ್ ಬಟ್ಟೆ ಹತ್ತಿಯದಾದರೂ ದಪ್ಪ. ಇವೆರಡನ್ನೂ ಪಕ್ಕಪಕ್ಕ ಹೊಲಿದರೆ ತೆಳುವಾದದ್ದು ಮೊದಲು ಹರಿಯುತ್ತದೆ. ಶರ್ಟು ಅಥವಾ ಚೂಡಿದಾರಕ್ಕೆ ಬಳಸುವ ಮಧ್ಯಮ ತೂಕದ ಬಟ್ಟೆ ಎಂದು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಮೈಸೂರಿನವರು ಶಿವರಾಂಪೇಟೆ ಮತ್ತು ದೇವರಾಜ ಅರಸು ರಸ್ತೆಯ ಕಡೆಯ ಕಟ್ ಪೀಸ್ ಅಂಗಡಿಗಳನ್ನು, ನೀವು ಮಂಡ್ಯದ ಪೇಟೆ ಬೀದಿಯನ್ನು ಆಷಾಢದ ರಿಯಾಯಿತಿಯ ಹೊತ್ತಿನಲ್ಲಿಯೇ ಒಮ್ಮೆ ಸುತ್ತಿ ಬಂದರೆ ಗೌರಿ ಹಬ್ಬಕ್ಕೆ ಬೇಕಾದಷ್ಟು ಸಮಯ ಉಳಿಯುತ್ತದೆ. ಕೈಮಗ್ಗದ್ದೇ ಬೇಕೆನಿಸಿದರೆ ನಮ್ಮ ಸುತ್ತಮುತ್ತಲೇ ಸಿಗುತ್ತದೆ. ಗಾಂಧೀಜಿ 1927ರಲ್ಲಿ ಬಂದು ಹೋದ ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿಗೆ ಹೆಸರಾದ ಊರು. ಮೇಲುಕೋಟೆಯಲ್ಲಿಯೂ ಖಾದಿ ನೇಯುತ್ತಾರೆ. ಅಂಥ ಬಟ್ಟೆಯ ಒಂದು ತುಂಡು ಗಂಟಿನಲ್ಲಿದ್ದರೆ ಅದಕ್ಕೊಂದು ಊರೂ ಇರುತ್ತದೆ. ಆದರೆ ಖಾದಿ ಚೆನ್ನಾಗಿ ಕುಗ್ಗುತ್ತದೆ, ಪನ್ನವೂ, ಅಂದರೆ ಥಾನಿನ ಅಗಲವೂ, ಹಲವು ಸಲ 36 ಇಂಚು ಮಾತ್ರ ಇರುತ್ತದೆ ಎಂಬುದು ನೆನಪಿರಲಿ.

ಇಲ್ಲಿ ರೇಷ್ಮೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮೈಸೂರಿನವರು ಪ್ರೀತಿಯಿಂದ ಮಾಡುವ ತಪ್ಪು ಇದು. 1912ರಿಂದ ನಡೆದು ಬಂದಿರುವ ನಮ್ಮ ರೇಷ್ಮೆ ಕಾರ್ಖಾನೆಯ ಹಳೆಯ ಸೀರೆಯೊಂದರ ಸೆರಗನ್ನು ನನಗೆ ಒಬ್ಬರು ಹೀಗೆಯೇ ಅಂಚೆಯಲ್ಲಿ ಕಳುಹಿಸಿದ್ದರು. ಗಿಣಿಹಸಿರು ಒಡಲು, ಅಪ್ಪಟ ಜರಿಯ ಪಟ್ಟೆ. ಅದು ಬಂದು ಎಷ್ಟೋ ವರ್ಷವಾಯಿತು. ಇಂದಿಗೂ ನನ್ನ ಬೀರುವಿನ ಮೇಲಿನ ತಟ್ಟಿನಲ್ಲಿ ಪಂಚೆಯೊಂದರಲ್ಲಿ ಸುತ್ತಿಕೊಂಡು ಕುಳಿತಿದೆ. ಕ್ರೇಪ್ ರೇಷ್ಮೆ ಹತ್ತಿಯ ಪಕ್ಕದಲ್ಲಿ ಜಾರುತ್ತದೆ, ಒಗೆತಕ್ಕೆ ಒಗ್ಗುವುದಿಲ್ಲ ಎಂಬ ಕಾರಣಗಳು ಇದ್ದೇ ಇವೆ. ನಿಜವಾದ ಕಾರಣ, ಅದಕ್ಕೆ ಕತ್ತರಿ ಹಾಕಲು ನನಗೆ ಕೈ ಬರಲಿಲ್ಲ. ಕೊಟ್ಟವರು ಪ್ರತಿ ವರ್ಷ ‘ಏನು ಮಾಡಿದಿರಿ?’ ಎಂದು ಕೇಳುತ್ತಾರೆ, ನಾನು ಮಾತು ಮರೆಸುತ್ತೇನೆ. ಇಷ್ಟು ಬೆಲೆಯುಳ್ಳದ್ದು ಸಾಲದ ಹಾಗೆ ಮನಸ್ಸಿನ ಮೇಲೆ ಕುಳಿತುಬಿಡುತ್ತದೆ.

ಆದ್ದರಿಂದ ಗುಂಪಿನಲ್ಲಿ ರೂಪಾಯಿಯ ಮಿತಿ ಹಾಕುವುದಕ್ಕಿಂತ ಅಳತೆಯ ಮಿತಿ ಹಾಕುವುದು ಒಳ್ಳೆಯದು. ಕೌದಿಯಂಥದೇ ಕ್ವಿಲ್ಟ್ ಹೊಲಿಯುವ ಪಾಶ್ಚಾತ್ಯರಲ್ಲಿ ಇದಕ್ಕೊಂದು ಸಿದ್ಧ ಅಳತೆ ಇದೆ, ಫ್ಯಾಟ್ ಕ್ವಾರ್ಟರ್ ಎಂದು ಅದರ ಹೆಸರು. 44 ಇಂಚು ಪನ್ನದ ಬಟ್ಟೆಯಲ್ಲಿ ಕಾಲು ಗಜ ಕೇಳಿದರೆ ಅಂಗಡಿಯವರು 9 ಇಂಚು ಅಗಲದ ಉದ್ದನೆಯ ಪಟ್ಟಿಯನ್ನು ಕತ್ತರಿಸಿ ಕೊಡುತ್ತಾರೆ. ಅದರ ಬದಲು ಅರ್ಧ ಗಜವನ್ನು ಪನ್ನದ ನಡುವೆ ಸೀಳಿದರೆ 18 ಇಂಚಿಗೆ 22 ಇಂಚಿನ ತುಂಡು ಸಿಗುತ್ತದೆ. ಬಟ್ಟೆ ಅಷ್ಟೇ, ಉಪಯೋಗ ಮಾತ್ರ ಬೇರೆ: ಉದ್ದನೆಯ ಪಟ್ಟಿಯಲ್ಲಿ 5 ಇಂಚಿನ ಚೌಕ ಎಂಟು ಬಂದರೆ, ಇದರಲ್ಲಿ ಹನ್ನೆರಡು ಬರುತ್ತವೆ, ದೊಡ್ಡ ಹೂವಿನ ಚಿತ್ತಾರವಿದ್ದರೆ ಅದೂ ಇಡಿಯಾಗಿ ಉಳಿಯುತ್ತದೆ. ನಮ್ಮ ಮೀಟರಿನ ಲೆಕ್ಕದಲ್ಲಿ ಅರ್ಧ ಮೀಟರ್ ತಂದು ಪನ್ನದ ನಡುವೆ ಸೀಳಿದರೆ ಸರಿಸುಮಾರು 50 ಸೆಂಟಿಮೀಟರಿಗೆ 56 ಸೆಂಟಿಮೀಟರ್. ಅಂಥ ನಾಲ್ಕು ತುಂಡು, ನಾಲ್ಕೂ ಬೇರೆ ಬೇರೆ, ಒಂದು ಗಂಟಿಗೆ ಸಾಕು. ಮಧ್ಯಮ ತೂಕದ ಹತ್ತಿಯಾದರೆ ಎಲ್ಲ ಸೇರಿ 150 ಗ್ರಾಂ ಆಸುಪಾಸು ಬರುವುದರಿಂದ ಅಂಚೆ ವೆಚ್ಚವೂ ಕೈ ಕಚ್ಚುವುದಿಲ್ಲ. ಸೀಳುವಾಗ ಹಾಸು ಹೊಕ್ಕಿನ ನೇರಕ್ಕೆ ಸೀಳಿ. ಓರೆಯಾಗಿ ಕತ್ತರಿಸಿದ ತುಂಡು ಎಳೆದ ಕಡೆಗೆ ಹಿಗ್ಗುತ್ತದೆ, ಪಡೆದವರು ಅದನ್ನು ಮತ್ತೆ ನೇರ ಮಾಡುವಷ್ಟರಲ್ಲಿ ಕಾಲುಭಾಗ ಪೋಲಾಗಿರುತ್ತದೆ.

ಇನ್ನು ಹಳೆಯ ಸೀರೆಯ ವಿಷಯ, ಇದು ನಾಜೂಕಾದದ್ದು. ಕೌದಿ ಎಂಬುದೇ ಉಟ್ಟು ಮೆತ್ತಗಾದ ಬಟ್ಟೆಯಿಂದ ಹುಟ್ಟಿದ್ದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಹಳೆಯ ಬಟ್ಟೆಯದೇ. ಅವರು ಅಂಚಿನಿಂದ ಸುತ್ತುತ್ತಾ ನಡುವಿಗೆ ಬಂದು ಮುಗಿಸುವ ಹೊಲಿಗೆಯನ್ನು ನೋಡಿದವರು ಹೊಸ ಬಟ್ಟೆಯೇ ಮೇಲು ಎನ್ನಲಾರರು. ಆದರೆ ಅದು ಮನೆಯೊಳಗಿನ ಬಟ್ಟೆ, ಅಜ್ಜಿಯ ಸೀರೆ ಮೊಮ್ಮಗುವಿನ ಹೊದಿಕೆಯಾಗುವ ಕಥೆ. ಪರಿಚಯವಿಲ್ಲದವರ ಉಟ್ಟ ಬಟ್ಟೆಯನ್ನು ಹಬ್ಬದ ದಿನ ಬಿಚ್ಚಿ ನೋಡುವುದು ನಮ್ಮಲ್ಲಿ ಎಲ್ಲರಿಗೂ ಹಿತವಾಗುವುದಿಲ್ಲ. ತೀರಿಹೋದವರ ಸೀರೆಯೇನೋ ಎಂಬ ಶಂಕೆ ಒಮ್ಮೆ ಬಂದರೆ ಆ ತುಂಡು ಹೊಲಿಗೆಗೆ ಕೂರುವುದೇ ಇಲ್ಲ. ಹಾಗೆಂದು ನಿಷೇಧಿಸಬೇಕಿಲ್ಲ. ಉಟ್ಟ ಹತ್ತಿ ಸೀರೆ ಒಪ್ಪಿಗೆಯೇ ಎಂದು ಪ್ರತಿಯೊಬ್ಬರಿಂದಲೂ ಮೊದಲೇ ಬರೆಸಿಕೊಳ್ಳಿ. ಒಪ್ಪಿದವರಿಗೂ ಸೀರೆಯ ಗಟ್ಟಿ ಭಾಗವನ್ನೇ ಕಳುಹಿಸಿ: ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೆಳುವಾದ ಕಡೆ ನೋಡಿಕೊಳ್ಳಿ, ಎರಡು ಹೆಬ್ಬೆರಳಿನ ನಡುವೆ ಒತ್ತಿ ಹಿಗ್ಗಿಸಿ, ‘ಟರ್’ ಎಂಬ ಸಣ್ಣ ಸದ್ದು ಬಂದರೂ ಆ ಭಾಗ ಬಿಡಿ. ಕುಳಿತು ಏಳುವಾಗ ಎಳೆದಾಡಿಸಿಕೊಂಡ ನಡುಭಾಗ ಮೊದಲು ಸವೆಯುತ್ತದೆ, ಒಳಸುತ್ತಿನದು ಹೆಚ್ಚು ಕಾಲ ಉಳಿದಿರುತ್ತದೆ.

ಕೇಳದೆಯೇ ಆರಿಸುವುದು ಹೇಗೆ ಎಂದಿರಿ. ಪೂರ್ತಿ ಕೇಳದೆ ಇರಬೇಡಿ, ಅಡ್ಡದಾರಿಯಿಂದ ಕೇಳಿ. ನಿಮ್ಮಲ್ಲಿ ಒಬ್ಬರು ಮೇಲ್ವಿಚಾರಕಿಯಾಗಿ ಎಲ್ಲರಿಂದ ಒಂದು ಪುಟ್ಟ ಕಾಗದ ತುಂಬಿಸಿಕೊಳ್ಳಲಿ. ‘ನಿಮಗೆ ಏನು ಬೇಕು?’ ಎಂಬ ಪ್ರಶ್ನೆ ಅದರಲ್ಲಿ ಇರಕೂಡದು, ಅದಕ್ಕೆ ಉತ್ತರ ಬಂದರೆ ಉಡುಗೊರೆ ಹೋಗಿ ಸಾಮಾನಿನ ಪಟ್ಟಿ ಉಳಿಯುತ್ತದೆ. ಈಗ ಹೊಲಿಯುತ್ತಿರುವುದು ಏನು, ಕೈಯಲ್ಲೋ ಮೆಷಿನ್ನಿನಲ್ಲೋ, ಮನೆಯಲ್ಲಿ ಈಗಾಗಲೇ ಬೇಕಾದಷ್ಟು ಸೇರಿಕೊಂಡಿರುವ ಬಣ್ಣ ಯಾವುದು, ಬೇಡವೇ ಬೇಡ ಎನಿಸುವ ಬಣ್ಣ ಯಾವುದು ಎಂದು ಕೇಳಿದರೆ ಸಾಕು. ಕೊನೆಯ ಎರಡು ಪ್ರಶ್ನೆಗಳು ಇಷ್ಟವಾದ ಬಣ್ಣ ಕೇಳುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ನೀಲಿ ಇಷ್ಟ ಎಂದವರ ಮನೆಯಲ್ಲಿ ನೀಲಿಯೇ ರಾಶಿ ಬಿದ್ದಿರುತ್ತದೆ. ಅವರಿಗೆ ಕೊರತೆಯಾಗಿರುವುದು ಆ ನೀಲಿಯನ್ನು ಎತ್ತಿ ತೋರಿಸುವ ಸಾಸಿವೆಯ ಹಳದಿಯೋ ಕಾವಿಯೋ ಆಗಿರುತ್ತದೆ. ಕಪ್ಪು ಮತ್ತು ಬರಿಯ ಬಿಳಿ ಬಟ್ಟೆಯನ್ನು ಹಬ್ಬದ ಉಡುಗೊರೆಯಾಗಿ ಪಡೆಯಲು ನಮ್ಮಲ್ಲಿ ಹಲವರು ಹಿಂಜರಿಯುತ್ತಾರೆ. ಹೊಲಿಗೆಗೆ ಅವೆರಡೂ ಬಹಳ ಬೇಕಾದ ಬಣ್ಣಗಳಾದ್ದರಿಂದ ಆ ಬಗ್ಗೆಯೂ ಒಂದು ಸಾಲು ಕೇಳಿಡಿ.

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿ ಕೊಡುವ ಪದ್ಧತಿಯನ್ನು ಇಲ್ಲಿ ಮಾತ್ರ ದಯವಿಟ್ಟು ಕೈಬಿಡಿ. ಸೋಪು ತಾಗಿದ ಕೂಡಲೇ ಅರಿಶಿನ ಕೆಂಪಾಗುತ್ತದೆ, ತಿಳಿ ಬಣ್ಣದ ತುಂಡಿನಲ್ಲಿ ಆ ಕಲೆ ಎದ್ದು ಕಾಣುತ್ತದೆ. ಅರಿಶಿನ ಕುಂಕುಮವನ್ನು ಮೇಲಿನ ಕಾಗದಕ್ಕೆ ಹಚ್ಚಿದರೆ ಶಾಸ್ತ್ರಕ್ಕೂ ಲೋಪವಿಲ್ಲ, ಬಟ್ಟೆಗೂ ಇಲ್ಲ. ನುಸಿಗುಳಿಗೆಯ ವಾಸನೆ ಹಿಡಿದ ಬಟ್ಟೆಯನ್ನು ಎರಡು ದಿನ ಗಾಳಿಗೆ ಹಾಕಿ ಕಳುಹಿಸಿ. ಗಂಧದ ಸೋಪಿನ ಖಾಲಿ ಪೊಟ್ಟಣ ಇಟ್ಟರೆ ಅಡ್ಡಿಯಿಲ್ಲ, ಸೋಪನ್ನೇ ಇಟ್ಟರೆ ಜಿಡ್ಡು ಹತ್ತುತ್ತದೆ.

ಈಗ ತೊಳೆಯುವ ಮಾತು, ನಿಮ್ಮ ಮನಸ್ಸು ನೋಯಿಸಿದ್ದು ಇದೇ. ಕೆಲವು ಹೊಲಿಗೆಯವರಿಗೆ ಗಂಜಿ ಹೋಗದ ಗರಿಗರಿ ಬಟ್ಟೆಯೇ ಕತ್ತರಿಸಲು ಇಷ್ಟ, ತೊಳೆಯುವುದನ್ನು ಪಡೆದವರಿಗೆ ಬಿಡಬೇಕು ಎಂದು ಅವರು ವಾದಿಸುತ್ತಾರೆ. ಒಬ್ಬರಿಗೊಬ್ಬರು ಅಷ್ಟಾಗಿ ಗೊತ್ತಿಲ್ಲದ ಗುಂಪಿನಲ್ಲಿ ಕಳುಹಿಸುವವರೇ ತೊಳೆಯಬೇಕು ಎಂಬುದು ನನ್ನ ನಿಲುವು. ಬಟ್ಟೆಯನ್ನು ಕತ್ತರಿಸುವ ಮೊದಲೇ ತೊಳೆಯಿರಿ, ಇಲ್ಲವಾದರೆ ನಾಲ್ಕೂ ಬದಿಯ ಎಳೆ ಬಿಚ್ಚಿಕೊಂಡು ಅಳತೆ ಹೋಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ, ಹಿಂಡಿ, ಒದ್ದೆಯಿರುವಾಗಲೇ ಒಂದು ಬಿಳಿ ಬಟ್ಟೆಯನ್ನು ಮೇಲೆ ಹಾಸಿ ಇಸ್ತ್ರಿ ಒತ್ತಿ ನೋಡಿ. ಬಿಳಿಯದಕ್ಕೆ ಬಣ್ಣ ಹತ್ತಿದರೆ ಇನ್ನೊಮ್ಮೆ, ಮತ್ತೊಮ್ಮೆ ತೊಳೆಯಿರಿ. ಮೂರನೆಯ ಸಲವೂ ಬಿಟ್ಟರೆ ಅದು ಉಡುಗೊರೆಗೆ ತಕ್ಕುದಲ್ಲ. ಉಪ್ಪುನೀರು ಅಥವಾ ವಿನೆಗರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ. ಬಣ್ಣ ಹಾಕುವಾಗ ಕಾರ್ಖಾನೆಯಲ್ಲಿ ಉಪ್ಪು ಬಳಸುವುದು ನಿಜ. ಆದರೆ ನೂಲಿಗೆ ಅಂಟದೆ ಉಳಿದ ಬಣ್ಣವನ್ನು ನಮ್ಮ ಬಕೆಟ್ಟಿನ ಉಪ್ಪು ಅಂಟಿಸಲಾರದು, ಅದನ್ನು ತೊಳೆದು ಹೊರಹಾಕುವುದೊಂದೇ ದಾರಿ. ಕೆಂಪು, ಕಡುನೀಲಿ, ಕಪ್ಪು ಮತ್ತು ನೇರಳೆಯ ಮೇಲೆ ವಿಶೇಷ ಗಮನವಿರಲಿ.

ಪ್ರತಿ ತುಂಡಿನ ಜೊತೆ ಒಂದು ಚೀಟಿ ಇರಬೇಕು: ಯಾವ ನೂಲು, ಎಲ್ಲಿ ಕೊಂಡದ್ದು, ಎಷ್ಟು ಸಲ ತೊಳೆದದ್ದು. ಅದನ್ನು ದಾರದಿಂದ ಕಟ್ಟಿ, ಸ್ಟೇಪ್ಲರ್ ಪಿನ್ನು ಮಳೆಗಾಲದಲ್ಲಿ ತುಕ್ಕು ಬಿಡುತ್ತದೆ. ಬಟ್ಟೆಯ ಮೇಲೆ ಬಾಲ್‌ಪೆನ್ನಿನಿಂದ ಬರೆಯಬೇಡಿ. 1840ರ ದಶಕದ ಅಮೆರಿಕದಲ್ಲಿ ಗೆಳತಿಯರು ತಲಾ ಒಂದೊಂದು ತುಂಡಿಗೆ ಸಹಿ ಹಾಕಿ ಒಬ್ಬರಿಗಾಗಿ ಕ್ವಿಲ್ಟ್ ಕೂಡಿಸುವ ಪದ್ಧತಿ ಹಬ್ಬಿತು. ಅದಕ್ಕೆ ಒಂದು ಕಾರಣ, ಬಟ್ಟೆಯನ್ನು ತಿಂದುಹಾಕುತ್ತಿದ್ದ ಕಬ್ಬಿಣದಂಶದ ಹಳೆಯ ಶಾಯಿಯ ಬದಲು ಬಟ್ಟೆಗೆ ಅಷ್ಟು ಕೆಡುಕು ಮಾಡದ ಶಾಯಿ ಆ ಹೊತ್ತಿಗೆ ಸಿಗತೊಡಗಿದ್ದು. ನಿಮ್ಮಲ್ಲಿ ಕಳುಹಿಸಿದವರ ಹೆಸರು ಮಡಿಕೆಯೊಳಗಿನ ಚೀಟಿಯಲ್ಲಿದ್ದರೆ ಸಾಕು.

ಏನೂ ಬಾರದೆ ಉಳಿದವರ ವಿಷಯಕ್ಕೆ ಬರೋಣ. ಜೋಡಿ ಮಾಡಿ ಒಬ್ಬರಿಗೊಬ್ಬರು ಕಳುಹಿಸುವ ಪದ್ಧತಿ ಬೇಡ. ಒಬ್ಬರು ತಪ್ಪಿದರೆ ಇಬ್ಬರ ನಡುವೆ ಮುನಿಸು ಉಳಿಯುತ್ತದೆ. ಮೇಲ್ವಿಚಾರಕಿ ಹನ್ನೆರಡು ಚೀಟಿ ಎತ್ತಿ, ಬಂದ ಕ್ರಮದಲ್ಲಿಯೇ ಹೆಸರುಗಳನ್ನು ವೃತ್ತಾಕಾರವಾಗಿ ಬರೆಯಲಿ, ಪ್ರತಿಯೊಬ್ಬರೂ ತಮ್ಮ ಮುಂದಿನವರಿಗೆ ಕಳುಹಿಸಲಿ. ಯಾರ ಚೀಟಿ ಯಾರಿಗೆ ಬಂದರೂ ತನ್ನದು ತನಗೇ ಬರುವ ಪೇಚು ಇದರಲ್ಲಿಲ್ಲ. ಜೊತೆಗೆ ಎಲ್ಲರೂ ಒಂದೊಂದು ತುಂಡನ್ನು ಹೆಚ್ಚುವರಿಯಾಗಿ ಮೇಲ್ವಿಚಾರಕಿಯ ಕೈಗೆ ಕೊಟ್ಟಿರಲಿ. ಯಾರಿಗಾದರೂ ಗೊತ್ತಾದ ದಿನದೊಳಗೆ ಗಂಟು ತಲುಪದಿದ್ದರೆ, ಕಾರಣ ಕೇಳುವ ಮೊದಲು ಅದರಿಂದ ನಾಲ್ಕು ತುಂಡು ಅವರಿಗೆ ಹೋಗಲಿ. ಕಳುಹಿಸದವರನ್ನು ಎಲ್ಲರ ಎದುರು ಕೇಳಬೇಡಿ. ಮನೆಯಲ್ಲಿ ಯಾರಿಗೋ ಕಾಯಿಲೆಯಿರಬಹುದು, ಕೈಯಲ್ಲಿ ಹಣ ಇಲ್ಲದಿರಬಹುದು. ಮೇಲ್ವಿಚಾರಕಿ ಒಬ್ಬರೇ ಫೋನ್ ಮಾಡಿ ವಿಚಾರಿಸಲಿ. ಎರಡು ವರ್ಷ ಸಾಲಾಗಿ ತಪ್ಪಿದವರನ್ನು ಮೂರನೆಯ ವರ್ಷದ ಚೀಟಿಗೆ ಸೇರಿಸಬೇಕಾಗಿಲ್ಲ, ಇದರಲ್ಲಿ ನನಗೆ ದಾಕ್ಷಿಣ್ಯವಿಲ್ಲ.

ಹಬ್ಬ ಬೀಳುವುದು ಮಳೆಯ ದಿನಗಳಲ್ಲಿ. ಬರಿಯ ಕಾಗದದ ಲಕೋಟೆಯಲ್ಲಿ ಕಳುಹಿಸಿದ ನನ್ನ ಗಂಟೊಂದು ದಾರಿಯಲ್ಲಿ ನೆನೆದು, ಒಳಗಿದ್ದ ಮೆರೂನ್ ಬಣ್ಣ ಉಳಿದ ಮೂರು ತುಂಡಿಗೂ ಹಬ್ಬಿತ್ತು. ಅದಾದ ಮೇಲೆ ನಾನು ಒಳಗೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಹಿಂದಿನ ಕಾಲದ ಪಾರ್ಸೆಲ್ಲಿನಂತೆ ಕೋರಾ ಬಟ್ಟೆಯ ಹೊದಿಕೆ ಹೊಲಿದು ಕಳುಹಿಸುತ್ತೇನೆ. ಪಡೆದವರು ಹೊಲಿಗೆ ಬಿಚ್ಚಿ, ತೊಳೆದು, ಆ ಕೋರಾವನ್ನೇ ಕೌದಿಯ ಒಳಪದರಕ್ಕೆ ಹಾಕಿಕೊಳ್ಳುತ್ತಾರೆ. ವಿಳಾಸವನ್ನು ಕಾಗದದಲ್ಲಿ ಬರೆದು ಮೇಲೆ ಅಂಟಿಸಿ, ಅದರ ಇನ್ನೊಂದು ಪ್ರತಿಯನ್ನು ಒಳಗೂ ಇಡಿ. ಆರಂಕಿಯ ಪಿನ್‌ಕೋಡ್ ಮತ್ತು ಪಡೆಯುವವರ ಫೋನ್ ಸಂಖ್ಯೆ ಎರಡೂ ಇರಲಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿಯೇ ವಿಲೀನವಾಗಿರುವುದರಿಂದ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ಹಬ್ಬಕ್ಕೆ ಹತ್ತು ದಿನ ಮುಂಚೆ ಹಾಕಿಬಿಡಿ. ರಸೀದಿಯಲ್ಲಿರುವ ಹದಿಮೂರು ಅಕ್ಷರಗಳ ಸಂಖ್ಯೆಯನ್ನು ಮೇಲ್ವಿಚಾರಕಿಗೆ ಮಾತ್ರ ತಿಳಿಸಿ. ಕಳುಹಿಸಿದವರ ವಿಳಾಸವಾಗಿ, ಅವರ ಒಪ್ಪಿಗೆ ಪಡೆದು, ಮೇಲ್ವಿಚಾರಕಿಯ ವಿಳಾಸವನ್ನೇ ಬರೆದರೆ ಗುಟ್ಟು ಉಳಿಯುತ್ತದೆ, ಗಂಟು ಹಿಂದಿರುಗಿದರೂ ಗೊತ್ತಿರುವ ಕೈಗೆ ಸೇರುತ್ತದೆ. ಕಟ್ಟುವ ಮೊದಲು ಗುಂಡುಸೂಜಿ ಒಳಗೆ ಉಳಿದಿಲ್ಲವೆಂದು ಕೈಯಾಡಿಸಿ ನೋಡಿ.

ಅಮೆರಿಕದ ಸದಸ್ಯೆಯ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು. ವಿದೇಶಕ್ಕೆ ಹೋಗುವ ಗಂಟಿನ ಮೇಲೆ ಒಳಗಿರುವುದೇನು, ಬೆಲೆಯೆಷ್ಟು ಎಂದು ಕಸ್ಟಮ್ಸ್ ಚೀಟಿಯಲ್ಲಿ ಬರೆಯಲೇಬೇಕು, ‘ಉಡುಗೊರೆ’ ಎಂದಷ್ಟೇ ಬರೆದರೆ ನಡೆಯುವುದಿಲ್ಲ. 800 ಡಾಲರ್‌ವರೆಗಿನ ಸರಕಿಗೆ ಇದ್ದ ಸುಂಕದ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿದೆ, 100 ಡಾಲರ್‌ವರೆಗಿನ ಉಡುಗೊರೆಗೆ ಮಾತ್ರ ಉಳಿಸಿದೆ. ಅಲ್ಲಿಂದ ಇಲ್ಲಿಗೆ ಬರುವ ಉಡುಗೊರೆಗಂತೂ 2019ರ ಡಿಸೆಂಬರಿನಿಂದ ಸುಂಕದ ರಿಯಾಯಿತಿ ಇಲ್ಲ. ಆದ್ದರಿಂದ ಅವರ ಪರವಾಗಿ ಮೈಸೂರಿನಲ್ಲಿರುವ ಅವರ ಬಂಧುಗಳು ಇಲ್ಲಿಯೇ ಕೊಂಡು ಕಳುಹಿಸಲಿ. ಅವರಿಗೆ ಸೇರಬೇಕಾದ ಗಂಟು ಆ ಬಂಧುಗಳ ಮನೆಯಲ್ಲಿ ಅವರು ಊರಿಗೆ ಬರುವವರೆಗೆ ಬಿಚ್ಚದೆ ಕಾದಿರಲಿ.

ಉಳಿದದ್ದು ಕಳೆದ ವರ್ಷದ ನಷ್ಟ. ಪಾಲಿಯೆಸ್ಟರ್ ಚೂರುಗಳನ್ನು ಬಿಸಾಡಬೇಡಿ, ಚೀಲದ ಒಳಪದರಕ್ಕೋ ಹೆಣೆದ ಕಾಲೊರಸಿಗೋ ಆದಾವು. ನಿಮ್ಮ ಕೆಂಪು ಹಬ್ಬಿದ ಕೌದಿಗೆ ಈಗಲೂ ಒಂದು ಪ್ರಯತ್ನ ಮಾಡಬಹುದು, ಕಲೆಯ ಮೇಲೆ ಇನ್ನೂ ಇಸ್ತ್ರಿ ಹಾಕಿರದಿದ್ದರೆ ಹೆಚ್ಚು ಭರವಸೆ. ದೊಡ್ಡ ಡ್ರಮ್ಮಿನಲ್ಲಿ, ಕೈ ಇಡಲಾಗದಷ್ಟು ಬಿಸಿ ನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ, ಕೌದಿಯ ಯಾವ ಭಾಗವೂ ಮೇಲೆ ತೇಲದಂತೆ ಮುಳುಗಿಸಿ, ಹನ್ನೆರಡು ಗಂಟೆ ಬಿಡಿ. ನೀರು ಕೆಂಪಾದರೆ ಚೆಲ್ಲಿ, ಹೊಸ ಬಿಸಿ ನೀರಿನಲ್ಲಿ ಮತ್ತೆ ಮುಳುಗಿಸಿ; ನೀರು ತಿಳಿಯಾಗುವವರೆಗೆ ನಡುವೆ ಒಮ್ಮೆಯೂ ಒಣಗಲು ಬಿಡಬೇಡಿ. ಡ್ರಮ್ಮಿನಿಂದ ಎತ್ತುವಾಗ ಇಬ್ಬರು ಬೇಕಾಗುತ್ತದೆ, ಒದ್ದೆ ಕೌದಿಯ ಭಾರಕ್ಕೆ ಹೊಲಿಗೆಯೇ ಕಿತ್ತು ಬರುವುದುಂಟು.